ಮಗಳ ಆಟಿಸಂ ಅಸೆಸ್‌ಮೆಂಟ್‌ಗೆ ಇನ್ನು 18 ದಿನ: ಮೊದಲೇ ಕಲಿಸಿ ಕರೆದುಕೊಂಡು ಹೋಗಬೇಕಾ?

ಗುಬ್ಬಿ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ 2 ವರ್ಷ 5 ತಿಂಗಳು. ಆಟಿಸಂ ಇದೆಯಾ ಅಂತ ನೋಡಲು ಇನ್ನು 18 ದಿನಕ್ಕೆ ಅಸೆಸ್‌ಮೆಂಟ್ ಇದೆ. ನನ್ನ ಪ್ರಶ್ನೆ ಚಿಕ್ಕದು. ಆದರೆ ಹಿಂದಿನದನ್ನು ಹೇಳದೆ ಕೇಳಿದರೆ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದವಾಗುತ್ತದೆ.

ಇವಳಿಗೆ ಇಡೀ ವರ್ಣಮಾಲೆ ಬರುತ್ತದೆ. ಅ ಇಂದ ಳ ವರೆಗೆ, ನಡುವೆ ಙ, ಞ ಕೂಡ ಬಿಡದೆ. ಯಾರೂ ಕೂತು ಕಲಿಸಿಲ್ಲ. ಗೋಡೆ ಮೇಲಿನ ಚಾರ್ಟ್ ನೋಡಿ ತಾನೇ ಕಲಿತಳು. ಮನೆಗೆ ಬಂದವರೆಲ್ಲ "ಎಷ್ಟು ಚುರುಕು!" ಅನ್ನುತ್ತಾರೆ. ಆದರೆ ಬಾಯಾರಿದರೆ ನೀರು ಅಂತ ಕೇಳುವುದಿಲ್ಲ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ನನ್ನ ಕೈಯನ್ನು ಲೋಟದ ಮೇಲೆ ಇಡುತ್ತಾಳೆ. ಆಗಲೂ ನನ್ನ ಮುಖ ನೋಡುವುದಿಲ್ಲ. ಅವಳ ಪಾಲಿಗೆ ನಾನು ಇಕ್ಕಳ ಇದ್ದ ಹಾಗೆ.

ಞ ಹೇಳುವ ಮಗು ಅಮ್ಮ ಅನ್ನುವುದಿಲ್ಲ. 13 ತಿಂಗಳಲ್ಲಿ ಅನ್ನುತ್ತಿದ್ದಳು, ಫೋನಿನಲ್ಲಿ ವಿಡಿಯೊ ಇದೆ. 18 ತಿಂಗಳ ಹೊತ್ತಿಗೆ ನಿಂತುಹೋಗಿತ್ತು. ಕೊನೆಯ ಸಲ ಯಾವತ್ತು ಅಂದಳು ಅಂತ ನನಗೆ ನೆನಪಿಲ್ಲ. ಹೊಸ ಪದ ಬಂದ ದಿನವನ್ನು ಎಲ್ಲರೂ ಬರೆದಿಡುತ್ತೇವೆ, ಹೋದ ದಿನ ಯಾರಿಗೂ ಗೊತ್ತಾಗುವುದಿಲ್ಲ.

ಮಕ್ಕಳ ಡಾಕ್ಟರು ಎಂ-ಚಾಟ್ ಅನ್ನುವ 20 ಪ್ರಶ್ನೆಗಳ ಹಾಳೆ ಕೊಟ್ಟರು. ಎಲ್ಲದಕ್ಕೂ ಹೌದು ಅಥವಾ ಇಲ್ಲ. ನಾನೂ ನಮ್ಮವರೂ ಬೇರೆ ಬೇರೆ ತುಂಬಿದೆವು. ನನ್ನ ಲೆಕ್ಕದಲ್ಲಿ 9 ಅಂಕ, ಅವರ ಲೆಕ್ಕದಲ್ಲಿ 4. ಇದರಲ್ಲಿ ಅಂಕ ಜಾಸ್ತಿ ಆದಷ್ಟೂ ಅನುಮಾನ ಜಾಸ್ತಿ. ಒಂದೇ ಮನೆ, ಒಂದೇ ಮಗು! ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಒಂದೊಂದೇ ಮತ್ತೆ ಕೇಳಿದರು. "ಏನಾದರೂ ಬೇಕಾದಾಗ ಬೆರಳು ತೋರಿಸುತ್ತಾಳೆ ಅಂತ ಬರೆದಿದ್ದೀರಿ. ಕಳೆದ ವಾರ ಏನು ತೋರಿಸಿದಳು?" ನಮ್ಮವರು ಬಾಯಿ ತೆರೆದರು, ಯೋಚಿಸಿದರು, ಆಮೇಲೆ ಮೇಲೆ ಫ್ಯಾನ್ ನೋಡುತ್ತಾ ಕೂತರು. ಕೈ ಹಿಡಿದು ಎಳೆಯುವುದನ್ನೇ ಅವರು ಬೆರಳು ತೋರಿಸುವುದು ಅಂದುಕೊಂಡಿದ್ದರು. ವಾಪಸ್ ಬರುವಾಗ ದಾರಿಯಿಡೀ ಒಂದು ಮಾತಿಲ್ಲ.

ಈಗ ಪ್ರಶ್ನೆ. ಅಸೆಸ್‌ಮೆಂಟ್ ದಿನ ಗೊತ್ತಾದಾಗಿನಿಂದ ನಮ್ಮತ್ತೆ ಇವಳಿಗೆ ತಯಾರಿ ಶುರು ಮಾಡಿದ್ದಾರೆ. ಬೆಳಿಗ್ಗೆ ಸಂಜೆ ಗಲ್ಲ ಹಿಡಿದು "ಅಜ್ಜಿ ಕಣ್ಣು ನೋಡು", "ನಿನ್ನ ಹೆಸರೇನು ಹೇಳು", "ಟಾಟಾ ಮಾಡು". ಅತ್ತೆ ಕೆಟ್ಟವರಲ್ಲ, ಮೊಮ್ಮಗಳು ಫೇಲಾಗಬಾರದು ಅಂತ ಅಷ್ಟೇ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಅದೇ ಆಸೆ. ಹೀಗೆ ಕಲಿಸಿ ಕರೆದುಕೊಂಡು ಹೋಗಬಹುದಾ? ಒಳಗೆ ಏನು ಮಾಡುತ್ತಾರೆ? ಅವತ್ತು ನಾನು ಏನೇನು ತೆಗೆದುಕೊಂಡು ಹೋಗಬೇಕು?

ಹಳೇ ಗಡಿಯಾರ

ಅಮ್ಮಾ, ಇವತ್ತೇ ನಿಲ್ಲಿಸಿ. ಬುದ್ಧಿ ಹೇಳುತ್ತಿಲ್ಲ, ಇದೇ ತಪ್ಪು ಮಾಡಿ ಕೈ ಸುಟ್ಟುಕೊಂಡವನು ನಾನು.

ನನ್ನ ಮಗನಿಗೆ ಈಗ 8 ವರ್ಷ. ಅವನಿಗೆ ಎರಡೂವರೆ ಇದ್ದಾಗ ಮೊದಲ ಸಲ ಕರೆದುಕೊಂಡು ಹೋದೆವು. ಅದಕ್ಕೆ ಮುಂಚೆ ಮೂರು ವಾರ ತಯಾರಿ ಮಾಡಿಸಿದ್ದೆ. ಬುಗುರಿ ಅಂದರೆ ಅವನಿಗೆ ಪ್ರಾಣ. ಬುಗುರಿಯನ್ನು ನನ್ನ ಹಣೆ ಹತ್ತಿರ ಹಿಡಿಯುತ್ತಿದ್ದೆ, ಅವನು ನೋಡಿದ ತಕ್ಷಣ ಕೊಡುತ್ತಿದ್ದೆ. ಹೆಸರು ಕೇಳಿದರೆ ಹೆಸರು, ವಯಸ್ಸು ಕೇಳಿದರೆ ಬೆರಳು. ಒಳಗೆ ಹೋದಾಗ ಎಲ್ಲವನ್ನೂ ಒಪ್ಪಿಸಿಬಿಟ್ಟ. ಅಲ್ಲಿದ್ದವರು ಸುಮಾರು 20 ನಿಮಿಷ ನೋಡಿ "ಮಾತು ಸ್ವಲ್ಪ ತಡ, ಆರು ತಿಂಗಳು ಬಿಟ್ಟು ಬನ್ನಿ" ಅಂದರು. ನಾನು ಖುಷಿಯಿಂದ ಎಲ್ಲರಿಗೂ ಫೋನ್ ಮಾಡಿ ಹೇಳಿದೆ. ಆರು ತಿಂಗಳು ಹನ್ನೊಂದಾಯಿತು. ಬೇರೆ ಕಡೆ ಎರಡನೇ ಸಲ ತೋರಿಸಿದಾಗ ಎರಡು ದಿನ ನೋಡಿ ಆಟಿಸಂ ಅಂದರು. ಆ ಹನ್ನೊಂದು ತಿಂಗಳು ಥೆರಪಿ ಇಲ್ಲದೆ ಹೋಯಿತಲ್ಲ, ಅದನ್ನು ನಾನು ಯಾರ ಮೇಲೂ ಹಾಕುವಂತಿಲ್ಲ.

ಏನು ತೆಗೆದುಕೊಂಡು ಹೋಗಬೇಕು ಅಂದಿರಿ. ವಿಡಿಯೊ. ಇದು ಬಹಳ ಮುಖ್ಯ. ಹೊಸ ಜಾಗದಲ್ಲಿ ಮಗು ಅಳುತ್ತಾ ಕೂತುಬಿಟ್ಟರೆ ಮನೆಯಲ್ಲಿ ಹೇಗಿರುತ್ತದೆ ಅಂತ ಅವರಿಗೆ ತೋರಿಸಲು ಬೇರೆ ದಾರಿ ಇಲ್ಲ. ಒಂದೊಂದು ನಿಮಿಷದ್ದು ಸಾಕು. ಅವಳು ಒಬ್ಬಳೇ ಆಡುವುದು, ಬೇರೆ ಮಕ್ಕಳ ಜೊತೆ ಇರುವುದು, ಊಟದ ಹೊತ್ತು, ನೀವು ಹಿಂದಿನಿಂದ ಹೆಸರು ಕರೆದಾಗ ಏನು ಮಾಡುತ್ತಾಳೆ ಅನ್ನುವುದು. ಕೈಯನ್ನು ಲೋಟದ ಮೇಲೆ ಇಡುವುದನ್ನು ಖಂಡಿತ ತೆಗೆಯಿರಿ. ನಗುವ ವಿಡಿಯೊಗಳೂ ಇರಲಿ. 13 ತಿಂಗಳಲ್ಲಿ ಅಮ್ಮ ಅಂದದ್ದೂ ಇರಲಿ, ಬಂದ ಮಾತು ಹೋದದ್ದು ಅವರಿಗೆ ದೊಡ್ಡ ಸುಳಿವು.

ಇನ್ನೊಂದು, ಅವಳ ನಿದ್ದೆ ಹೊತ್ತಿಗೆ ಸಮಯ ಕೊಟ್ಟಿದ್ದರೆ ಬದಲಾಯಿಸಿ ಅಂತ ಕೇಳಿ, ನಾಚಿಕೆ ಬೇಡ. ಒಳಗೆ ಅವಳ ಪರವಾಗಿ ನೀವು ಉತ್ತರ ಹೇಳಬೇಡಿ. ಇದು ಬರೆದಷ್ಟು ಸುಲಭ ಅಲ್ಲ. ನಾನು ಎರಡನೇ ಸಲ ಕೈ ಕಟ್ಟಿಕೊಂಡು, ನಾಲಿಗೆ ಕಚ್ಚಿಕೊಂಡು ಕೂತಿದ್ದೆ.

ನೇರ ಮಾತು

ಇಷ್ಟು ಚಿಕ್ಕ ಮಗುವಿಗೆ ಸುಮ್ನೆ ಹಣೆಪಟ್ಟಿ ಕಟ್ಟಿಸಬೇಡಿ. ನಮ್ಮ ಅಣ್ಣನ ಮಗ ಬಾಯಿ ಬಿಟ್ಟದ್ದೇ 4 ವರ್ಷಕ್ಕೆ. ಈಗ ಅವನ ಬಾಯಿ ಮುಚ್ಚಿಸುವುದು ಕಷ್ಟ. ಮೊದಲು ಮೊಬೈಲ್ ಕಿತ್ತುಕೊಳ್ಳಿ. 18 ತಿಂಗಳಿಗೆ ಮಾತು ನಿಂತಿತು ಅಂದಿರಿ, ಆ ಹೊತ್ತಿಗೆ ಚುಚ್ಚುಮದ್ದು ಹಾಕಿಸಿರುತ್ತೀರಿ ಅಲ್ವಾ? ಅದನ್ನೂ ಯೋಚಿಸಿ.

ಗುಬ್ಬಿ ಅಮ್ಮ

@ನೇರ ಮಾತು ಒಂದು ಕೇಳುತ್ತೇನೆ, ಕೋಪದಿಂದ ಅಲ್ಲ. ನಿಮ್ಮ ಅಣ್ಣನ ಮಗ ಮಾತು ಬರುವ ಮುಂಚೆ ಏನಾದರೂ ಬೇಕಾದರೆ ಹೇಗೆ ಕೇಳುತ್ತಿದ್ದ? ಕರೆದರೆ ತಿರುಗುತ್ತಿದ್ದನಾ?

ನೇರ ಮಾತು

ಅಯ್ಯೋ, ಸನ್ನೆಯಲ್ಲೇ ಮನೆ ಆಳುತ್ತಿದ್ದ. ಬಾಗಿಲ ಕಡೆ ಬೆರಳು, ಚಪ್ಪಲಿ ಕಡೆ ಬೆರಳು, ಆಮೇಲೆ ನಮ್ಮ ಮುಖ ನೋಡಿ ಒಂದು ನಗು. ಕರೆದರೆ ಓಡಿ ಬರುತ್ತಿದ್ದ.

ಗುಬ್ಬಿ ಅಮ್ಮ

ಇವಳು ಅದ್ಯಾವುದನ್ನೂ ಮಾಡುವುದಿಲ್ಲ ಸರ್.

ಮಾತಿನ ಟೀಚರ್

ನಾನು ಸ್ಪೀಚ್ ಥೆರಪಿಸ್ಟ್. ಇಂಥ ಅಸೆಸ್‌ಮೆಂಟ್ ತಂಡಗಳಲ್ಲಿ ಹಲವು ವರ್ಷ ಕೂತಿದ್ದೇನೆ. ಮೇಲಿನ ನಾಲ್ಕು ಸಾಲಿನ ಮಾತುಕತೆಯಲ್ಲೇ ಮುಖ್ಯ ವಿಷಯ ಬಂದುಬಿಟ್ಟಿದೆ. ನಾವು ಮೊದಲು ನೋಡುವುದು ಎಷ್ಟು ಪದ ಬರುತ್ತದೆ ಅಂತ ಅಲ್ಲ. ಮಗು ತನ್ನ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ಹೇಗಾದರೂ ದಾಟಿಸುತ್ತದೆಯಾ ಅಂತ. ಚಪ್ಪಲಿ ತೋರಿಸಿ ಮುಖ ನೋಡುವ ಮಗು ಮಾತಿಲ್ಲದೆಯೂ ಮಾತಾಡುತ್ತಿದೆ. ವರ್ಣಮಾಲೆ ಹೇಳುವ ಮಗುವಿನ ಬಾಯಲ್ಲಿ ಪದಗಳಿರಬಹುದು, ಆದರೆ ಅವು ಯಾರನ್ನೂ ಉದ್ದೇಶಿಸಿ ಆಡಿದ್ದಲ್ಲ.

ಚುಚ್ಚುಮದ್ದಿನ ಮಾತು ಬಂದದ್ದರಿಂದ ಹೇಳಿ ಮುಗಿಸುತ್ತೇನೆ. ಅದು ಹಬ್ಬಿದ್ದು 1998ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಲೇಖನದಿಂದ. ಅದರಲ್ಲಿ ಇದ್ದದ್ದು 12 ಮಕ್ಕಳು. 2010ರಲ್ಲಿ ಪತ್ರಿಕೆಯೇ ಅದನ್ನು ವಾಪಸ್ ಪಡೆಯಿತು. ಆಮೇಲೆ ಲಕ್ಷಗಟ್ಟಲೆ ಮಕ್ಕಳ ಲೆಕ್ಕ ನೋಡಿದರೂ ಸಂಬಂಧ ಸಿಗಲಿಲ್ಲ. ಕೆಲವು ಮಕ್ಕಳಲ್ಲಿ ಬಂದ ಮಾತು ಹಿಂದೆ ಸರಿಯುವುದು ಒಂದೂವರೆಯಿಂದ ಎರಡು ವರ್ಷದ ಆಸುಪಾಸಿನಲ್ಲಿ. ಚುಚ್ಚುಮದ್ದಿನ ವಯಸ್ಸೂ ಅದೇ, ಅದಕ್ಕೇ ಎರಡನ್ನೂ ಗಂಟು ಹಾಕುತ್ತಾರೆ. ಮೊಬೈಲ್ ಕಡಿಮೆ ಮಾಡುವುದು ಒಳ್ಳೆಯದೇ, ಮಾಡಿ. ಅದಕ್ಕಾಗಿ ಅಸೆಸ್‌ಮೆಂಟ್ ಮುಂದೂಡಬೇಡಿ.

ಗುಬ್ಬಿ ಅಮ್ಮ, ನೀವು ಬರೆದದ್ದರಲ್ಲಿ ಒಂದು ಕಾಣಲಿಲ್ಲ. ಕಿವಿ ಟೆಸ್ಟ್ ಆಗಿದೆಯಾ? "ಪಕ್ಕದ ಕೋಣೆಯಲ್ಲಿ ಹಾಡು ಹಾಕಿದರೆ ಓಡಿ ಬರುತ್ತಾಳೆ, ಕಿವಿ ಚೆನ್ನಾಗಿದೆ" ಅಂತ ಎಲ್ಲರೂ ಹೇಳುತ್ತಾರೆ. ಅದು ಸಾಲದು. ದಪ್ಪ ಶಬ್ದ ಕೇಳಿಸಿ, ಸ, ಶ, ಫ ದಂಥ ಸಣ್ಣ ಶಬ್ದ ಕೇಳಿಸದ ಮಕ್ಕಳಿದ್ದಾರೆ. ಬೇರಾ ಅನ್ನುವ ಟೆಸ್ಟ್ ಮಾಡುತ್ತಾರೆ. ಈ ವಯಸ್ಸಿನ ಮಕ್ಕಳಿಗೆ ಸಾಮಾನ್ಯವಾಗಿ ನಿದ್ದೆಯಲ್ಲಿರುವಾಗ ತಲೆಗೆ ಸಣ್ಣ ಪಟ್ಟಿ ಅಂಟಿಸಿ, ಶಬ್ದ ಮಿದುಳಿನವರೆಗೆ ಹೋಗುತ್ತಿದೆಯಾ ನೋಡುತ್ತಾರೆ. ನೋವಿಲ್ಲ. 18 ದಿನದೊಳಗೆ ಮಾಡಿಸಿಬಿಡಿ. ಇಲ್ಲದಿದ್ದರೆ ಅವತ್ತು ಹೋದಾಗ ಮೊದಲು ಅದನ್ನೇ ಕೇಳುತ್ತಾರೆ.

ಎಂ-ಚಾಟ್ ಬರೀ ಜರಡಿ. 16ರಿಂದ 30 ತಿಂಗಳ ಮಕ್ಕಳಿಗೆ ಮಾಡಿದ್ದು, ನಿಮ್ಮ ಮಗಳು 29ಕ್ಕೆ ಸರಿಯಾಗಿ ಸಿಕ್ಕಿದ್ದಾಳೆ. 3ರಿಂದ 7 ಬಂದರೆ ನಿಮ್ಮ ಡಾಕ್ಟರು ಮಾಡಿದ ಹಾಗೆ ಉದಾಹರಣೆ ಕೇಳುತ್ತಾ ಎರಡನೇ ಸುತ್ತು ಮಾಡಬೇಕು. 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೇರ ಅಸೆಸ್‌ಮೆಂಟ್. ಇದರ ಮೇಲೆ 2014ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಎರಡನೇ ಸುತ್ತಿನಲ್ಲೂ ಜರಡಿಯಲ್ಲಿ ಉಳಿದ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಆಟಿಸಂ ಇತ್ತು. ಆಟಿಸಂ ಆಗಲಿ, ಬೇರೆ ಬೆಳವಣಿಗೆಯ ತೊಂದರೆ ಆಗಲಿ, ಒಂದಲ್ಲ ಒಂದು ಇದ್ದವರು ಸುಮಾರು 95%. ಅಂದರೆ ಆಟಿಸಂ ಅಲ್ಲ ಅಂತ ಬಂದರೂ ಹೋದದ್ದು ದಂಡವಾಗುವುದಿಲ್ಲ.

ಒಳಗೆ ಏನು ಮಾಡುತ್ತಾರೆ? ರಕ್ತ ಪರೀಕ್ಷೆಯಲ್ಲಾಗಲಿ ಸ್ಕ್ಯಾನ್‌ನಲ್ಲಾಗಲಿ ಆಟಿಸಂ ಗೊತ್ತಾಗುವುದಿಲ್ಲ. ಆಡಿಸಿ, ನೋಡಿ, ನಿಮ್ಮನ್ನು ಕೇಳಿಯೇ ಹೇಳಬೇಕು. ನಿಮ್ಮ ಜೊತೆ ಉದ್ದ ಮಾತುಕತೆ ಇರುತ್ತದೆ: ಹೆರಿಗೆ, ಮೊದಲ ನಗು, ನಿದ್ದೆ, ಸದ್ದಿಗೆ ಹೆದರುವುದು, ಎಲ್ಲ. ಮಗುವಿನ ಜೊತೆ ಎಡಾಸ್ (ADOS) ಅನ್ನುವ, ಆಡಿಸುತ್ತಾ ನೋಡುವ ಟೆಸ್ಟ್ ಮಾಡಬಹುದು. ಇಷ್ಟು ಚಿಕ್ಕವರಿಗೆ ಅದು ಮುಕ್ಕಾಲು ಗಂಟೆಯಿಂದ ಒಂದು ಗಂಟೆಯ ಆಟ. ನೋಡುವವರಿಗೆ ಬರೀ ಆಟ ಅನ್ನಿಸುತ್ತದೆ. ಆದರೆ ನಾವು ಬೇಕೆಂದೇ ಸಣ್ಣ ಸಣ್ಣ ಅಡ್ಡಿ ಇಡುತ್ತೇವೆ. ನೊರೆಗುಳ್ಳೆ ಊದಿ ತಟ್ಟನೆ ನಿಲ್ಲಿಸುತ್ತೇವೆ. ಬಲೂನು ಊದಿ ಗಾಳಿ ಬಿಟ್ಟು ಸುಮ್ಮನೆ ಕೂರುತ್ತೇವೆ. ಈಗ ಮಗು ಏನು ಮಾಡುತ್ತದೆ? ನಮ್ಮ ಮುಖ ನೋಡುತ್ತದಾ, ಕೈ ಎಳೆಯುತ್ತದಾ, ಎದ್ದು ಹೋಗುತ್ತದಾ? ನಮಗೆ ಬೇಕಾದದ್ದು ಆ ಸುಮ್ಮನಿರುವ ಐದು ಸೆಕೆಂಡು. ಕೆಲವು ಕಡೆ ಕಾರ್ಸ್ ಅನ್ನುವ 15 ಅಂಶಗಳ ಪಟ್ಟಿ ಬಳಸುತ್ತಾರೆ, ಅದರಲ್ಲಿ 30 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಆಟಿಸಂ ಕಡೆ ವಾಲುತ್ತದೆ. ಯಾವ ಅಂಕವೂ ಒಂದೇ ನಿರ್ಧಾರ ಮಾಡುವುದಿಲ್ಲ.

ಹಾಗಾಗಿ ಅಜ್ಜಿ ಕಲಿಸಿದ "ಹೆಸರೇನು" ನಮಗೆ ಉಪಯೋಗಕ್ಕೆ ಬರುವುದಿಲ್ಲ. ಬಂದರೂ ದಾರಿ ತಪ್ಪಿಸುತ್ತದೆ, ಗಡಿಯಾರದವರಿಗೆ ಆದ ಹಾಗೆ. (ಅನುಭವ ಇದ್ದವರು 20 ನಿಮಿಷಕ್ಕೆ ಮುಗಿಸಬಾರದಿತ್ತು. ತಪ್ಪು ನಿಮ್ಮೊಬ್ಬರದೇ ಅಲ್ಲ.)

ರಿಪೋರ್ಟ್ ಬರಹದಲ್ಲಿ ಕೇಳಿ ಪಡೆಯಿರಿ. ಯಾವ ಟೆಸ್ಟ್, ಎಷ್ಟು ಅಂಕ, ಮುಂದೇನು, ಎಲ್ಲ ಇರಲಿ. ಇನ್ನೊಂದು ಗುಟ್ಟು: ಥೆರಪಿ ಶುರು ಮಾಡಲು ರಿಪೋರ್ಟ್ ಬರಲಿ ಅಂತ ಕಾಯಬೇಕಾಗಿಲ್ಲ. ಲೋಟ ಕೊಡುವ ಮುಂಚೆ ಅವಳ ಕಣ್ಣಿನ ಎತ್ತರಕ್ಕೆ ಕೂತು, ಲೋಟ ಹಿಡಿದು, "ನೀರು" ಅಂತ ಒಮ್ಮೆ ಹೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಅವಳು ಏನೇ ಮಾಡಿದರೂ, ಒಂದು ಸದ್ದು, ಒಂದು ನೋಟ, ಕೊಟ್ಟುಬಿಡಿ. ಏನೂ ಮಾಡದಿದ್ದರೂ ಕೊಡಿ. ಗಲ್ಲ ಹಿಡಿಯಬೇಡಿ.

ಮೂಲೆ ಕುರ್ಚಿ

ನಾನು ಆಟಿಸ್ಟಿಕ್. ಹೆಂಗಸು. ಗೊತ್ತಾದದ್ದು 34ಕ್ಕೆ.

ನನಗೂ ಚಿಕ್ಕಂದಿನಲ್ಲಿ "ಕಣ್ಣು ನೋಡಿ ಮಾತಾಡು" ಅಂತ ಕಲಿಸಿದ್ದರು. ಕಣ್ಣು ನೋಡಿದರೆ ಎದುರಿನವರ ಮಾತು ನನ್ನ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೆ ಹುಬ್ಬುಗಳ ನಡುವೆ ನೋಡುವುದು ಕಲಿತೆ. ಎಲ್ಲರಿಗೂ ಸಮಾಧಾನವಾಯಿತು. ಮೂವತ್ತು ವರ್ಷ ಎಲ್ಲರ ಹುಬ್ಬು ನೋಡುತ್ತಾ ಬದುಕಿದೆ, ಯಾಕೆ ದಿನಾ ಸಂಜೆ ಹೆಣದ ಹಾಗೆ ಸುಸ್ತಾಗುತ್ತದೆ ಅಂತ ಗೊತ್ತಿಲ್ಲದೆ. ಹೆಣ್ಣುಮಕ್ಕಳಲ್ಲಿ ಇದು ತಡವಾಗಿ ಗೊತ್ತಾಗುವುದಕ್ಕೆ ಹೀಗೆ ಮುಚ್ಚಿಕೊಳ್ಳುವುದೂ ಒಂದು ಕಾರಣ. ಸುಮ್ಮನೆ ಒಂದು ಕಡೆ ಕೂರುವ ಹುಡುಗಿಯನ್ನು ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ, "ಎಷ್ಟು ಒಳ್ಳೆ ಮಗು" ಅನ್ನುತ್ತಾರೆ.

ನಿಮ್ಮ ಮಗಳು ಫೇಲಾಗುವಂಥ ಪರೀಕ್ಷೆ ಅಲ್ಲಿ ಇಲ್ಲ. ಅಜ್ಜಿಗೆ ಹೇಳಿ. ಮತ್ತೆ ಞ ಹೇಳಿದಾಗ ನೀವೂ ಜೊತೆಗೆ ಹೇಳಿ, ಅದು ಅವಳು ಇರುವ ಜಾಗ. ಅಲ್ಲಿಗೆ ನೀವೇ ಹೋಗಬಹುದು.

ಗುಬ್ಬಿ ಅಮ್ಮ

ಐದು ವಾರ ಆಯಿತು. ಬರೆಯುತ್ತೇನೆ ಅಂದುಕೊಂಡು ಎರಡು ಸಲ ಬರೆದು ಅಳಿಸಿದೆ.

ಬೇರಾ ಮೊದಲೇ ಮಾಡಿಸಿದೆವು. ಇವಳನ್ನು ಮಲಗಿಸಲು ಹಿಂದಿನ ರಾತ್ರಿ ತಡವಾಗಿ ಮಲಗಿಸಿ, ಬೆಳಿಗ್ಗೆ ಬೇಗ ಎಬ್ಬಿಸಿ, ಕೊನೆಗೆ ಅಲ್ಲಿ ನಿದ್ದೆ ಹೋದದ್ದು ನಮ್ಮವರು. ಎರಡನೇ ಸಲಕ್ಕೆ ಆಯಿತು. ಕಿವಿ ಎರಡೂ ಸರಿಯಾಗಿವೆ. ಕಿವಿ ಸರಿ ಇದೆ ಅಂದಾಗ ನನಗೆ ಬೇಜಾರಾಯಿತು. ಕಿವಿಯದ್ದೇ ತೊಂದರೆ ಆಗಿದ್ದರೆ ಮೆಷಿನ್ ಹಾಕಿಸಬಹುದಿತ್ತು ಅಂತ ನನ್ನೊಳಗೆ ಎಲ್ಲೋ ಲೆಕ್ಕ ಹಾಕಿಕೊಂಡಿದ್ದೆ ಅಂತ ಕಾಣುತ್ತದೆ.

ಅಸೆಸ್‌ಮೆಂಟ್ ಎರಡು ದಿನ ನಡೆಯಿತು. ಅತ್ತೆ ಬರುತ್ತೇನೆ ಅಂದರು, ಬೇಡ ಅನ್ನಲಾಗಲಿಲ್ಲ. ಮೂಲೆಯಲ್ಲಿ ಸೆರಗು ಹಿಡಿದುಕೊಂಡು ಕೂತರು. ಟೀಚರ್ ಹೇಳಿದ ಹಾಗೆಯೇ ನೊರೆಗುಳ್ಳೆ ಊದಿದರು, ನಿಲ್ಲಿಸಿದರು. ಇವಳು ಆ ಮೇಡಂ ಮುಖ ನೋಡಲಿಲ್ಲ. ಅವರ ಕೈ ಹಿಡಿದು ಬಾಟಲಿ ಮೇಲೆ ಇಟ್ಟಳು, ಮನೆಯಲ್ಲಿ ನನ್ನ ಕೈ ಇಡುವ ಹಾಗೆಯೇ. ಇಷ್ಟು ದಿನ ನಾನು ಮಾತ್ರ ಇಕ್ಕಳ ಅಂದುಕೊಂಡಿದ್ದೆ. ಅಷ್ಟರಲ್ಲಿ ಅತ್ತೆಗೆ ತಡೆಯಲಾಗಲಿಲ್ಲ. "ಚಿನ್ನಾ, ನಿನ್ನ ಹೆಸರೇನು, ಹೇಳು!" ಅಂದುಬಿಟ್ಟರು. ಇವಳು ಬಾಟಲಿ ನೋಡುತ್ತಲೇ, ಅತ್ತೆಯ ರಾಗದಲ್ಲೇ, "ಚಿನ್ನಾ ನಿನ್ನ ಹೆಸರೇನು ಹೇಳು" ಅಂದಳು. ಒಂದು ಅಕ್ಷರ ಆಚೀಚೆ ಇಲ್ಲ. ಮೇಡಂ ಬೈಯಲಿಲ್ಲ, ನಗಲೂ ಇಲ್ಲ, ಬರೆದುಕೊಂಡರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

ಆಟಿಸಂ ಅಂತಲೇ ಹೇಳಿದರು. ಬೆಂಬಲ ಬೇಕಾಗುವ ಮೂರು ಹಂತಗಳಲ್ಲಿ ಈಗಿನ ಮಟ್ಟಿಗೆ ಎರಡನೆಯದು, ಮುಂದೆ ಬದಲಾಗಬಹುದು ಅಂದರು. ನಾನು ಅಳುತ್ತೇನೆ ಅಂದುಕೊಂಡಿದ್ದೆ, ಅಳಲಿಲ್ಲ. ನಮ್ಮವರು ಅತ್ತರು. ಆಮೇಲೆ ಅವರೇ ಎದ್ದು ಹೋಗಿ "ವಾರಕ್ಕೆ ಎಷ್ಟು ದಿನ ಬರಬೇಕು?" ಅಂತ ಕೇಳಿ ಬರೆಸಿಕೊಂಡು ಬಂದರು. 9 ಮತ್ತು 4ರ ಜಗಳ ಅಲ್ಲಿಗೆ ಮುಗಿಯಿತು.

ನಾನು ಕೆಲಸಕ್ಕೆ ಹೋಗಿದ್ದರಿಂದ ಹೀಗಾಯಿತಾ ಅಂತ ಕೇಳಿದೆ. ಮೇಡಂ ಪೆನ್ ಕೆಳಗಿಟ್ಟು ಇಲ್ಲ ಅಂದರು. ಹಿಂದೆ ತಾಯಂದಿರಿಗೆ ಪ್ರೀತಿ ಇಲ್ಲದ್ದರಿಂದ ಹೀಗಾಗುತ್ತದೆ ಅಂತ ಡಾಕ್ಟರುಗಳೇ ನಂಬಿದ್ದ ಕಾಲ ಇತ್ತಂತೆ, ಅದು ಸುಳ್ಳು ಅಂತ ತೀರ್ಮಾನವಾಗಿ ಎಷ್ಟೋ ದಶಕ ಆಯಿತಂತೆ. ಅದನ್ನು ನಾನು ಇನ್ನೂ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ.

ರಿಪೋರ್ಟ್ ಒಂಬತ್ತು ಪುಟ. ಅದರಲ್ಲಿ ಮಗುವಿನ ಬಲಗಳು ಅಂತ ಒಂದು ಭಾಗ ಇದೆ, ಅಲ್ಲಿ ಅಕ್ಷರಗಳ ವಿಷಯ ಬರೆದಿದ್ದಾರೆ. ಅಕ್ಷರದ ಕಾರ್ಡು ಇಟ್ಟುಕೊಂಡೇ ಥೆರಪಿ ಶುರು ಮಾಡಿದ್ದಾರೆ. ಮೂಲೆ ಕುರ್ಚಿಯವರೇ, ರಾತ್ರಿ ಮಲಗುವಾಗ ನಾನೂ ಅವಳೂ ಒಟ್ಟಿಗೆ ಕ ಖ ಗ ಘ ಹೇಳುತ್ತೇವೆ. ಙ ಬಂದಾಗ ನಾನು ಬೇಕಂತಲೇ ನಿಲ್ಲಿಸುತ್ತೇನೆ. ಮೊನ್ನೆ ನನ್ನ ಬಾಯಿ ಮೇಲೆ ಬೆರಳಿಟ್ಟು ಕಾದಳು.

ಅತ್ತೆ ಗಲ್ಲ ಹಿಡಿಯುವುದು ಬಿಟ್ಟಿದ್ದಾರೆ. ಈಗ ಲೋಟ ಹಿಡಿದು ನೆಲದ ಮೇಲೆ ಕೂರುವುದು ಅವರ ಕೆಲಸ. ಮನಸ್ಸಿನಲ್ಲೇ ಎಣಿಸಿ ಅಂದರೂ ಕೇಳುವುದಿಲ್ಲ, ಗಟ್ಟಿಯಾಗಿಯೇ ಒಂದು, ಎರಡು ಅಂತ ಹತ್ತರವರೆಗೆ ಎಣಿಸುತ್ತಾರೆ. ನಿನ್ನೆ ಅವರು ಹತ್ತಕ್ಕೆ ನಿಲ್ಲಿಸಿದರು. ಇವಳು ಲೋಟ ನೋಡಿ, ಅಜ್ಜಿ ಕಡೆ ಅರೆಗಳಿಗೆ ತಿರುಗಿ, "ಹನ್ನೊಂದು" ಅಂದಳು.

ನೀರು ಕೊಟ್ಟೆವು.